ಸೆರೆವಾಸದಿಂದ ತೀರದ ಸಾಲ

ಹುಂಡಿಯ ಹಣ ತೀರಿಸದ ವರ್ತಕನನ್ನು ಪೇಟೆ ಮರುದಿನ ನಂಬುವುದಿಲ್ಲ. ನ್ಯಾಯಾಲಯ ವಿಧಿಸಿದ ಮಗುವಿನ ಜೀವನಾಂಶವನ್ನು ವರ್ಷಗಟ್ಟಲೆ ಬಾಕಿ ಉಳಿಸಿಕೊಂಡವನಿಗಾದರೋ ಮದುವೆಮನೆಯ ಮೊದಲ ಸಾಲಿನಲ್ಲೇ ಆಸನ! "ಅದು ಅವರ ಮನೆಯ ಜಗಳ" ಎಂದು ನಾವು ಮುಖ ತಿರುಗಿಸುತ್ತೇವೆ. ಜಗಳ ಗಂಡಹೆಂಡಿರದು, ಬಾಕಿ ಮಗುವಿನದು.

"ಒಂದು ತಿಂಗಳು ಒಳಗಿದ್ದು ಬಂದರೆ ಲೆಕ್ಕ ಚುಕ್ತಾ" ಎನ್ನುವವರಿದ್ದಾರೆ. ಇದು ಶುದ್ಧ ಅಜ್ಞಾನ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಮು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಾಗಿದೆ. ಸಕಾರಣವಿಲ್ಲದೆ ಆದೇಶ ಮೀರಿದವನಿಂದ ಜುಲ್ಮಾನೆಯಂತೆಯೇ ವಾರಂಟು ಹೊರಡಿಸಿ ವಸೂಲು ಮಾಡಬಹುದು; ಆಮೇಲೂ ಉಳಿದ ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ, ಅಥವಾ ಅದಕ್ಕೆ ಮೊದಲೇ ಹಣ ಕಟ್ಟಿದರೆ ಅಲ್ಲಿಯವರೆಗೆ, ಕಾರಾವಾಸ ವಿಧಿಸಬಹುದು. ಆದರೆ ಈ ಸೆರೆ ವಸೂಲಿಯ ಸಾಧನವೇ ಹೊರತು ಪಾವತಿಯಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1988ರಲ್ಲಿಯೇ ಸಾರಿದೆ. ಸೆರೆಯಿಂದ ಹೊರಬಂದವನ ಖಾತೆಯಲ್ಲಿ ಒಂದು ರೂಪಾಯಿಯೂ ಜಮೆಯಾಗಿರುವುದಿಲ್ಲ.

"ಕಾಲ ತಳ್ಳಿದರೆ ಸಾಕು" ಎಂಬುದು ಇನ್ನೊಂದು ಜಾಣತನ. ಬಾಕಿಯಾದ ಒಂದು ವರ್ಷದೊಳಗೆ ವಾರಂಟಿಗೆ ಅರ್ಜಿ ಕೊಡಬೇಕೆಂಬುದು ನಿಜ. ಆದರೆ ಸಕಾಲದಲ್ಲಿ ಅರ್ಜಿ ಸಲ್ಲಿಸಿದ ಮೇಲೆ ಬೆಳೆಯುತ್ತ ಹೋಗುವ ಬಾಕಿಗೆ ಮತ್ತೆ ಮತ್ತೆ ಅರ್ಜಿ ಬೇಕಿಲ್ಲವೆಂದು, ಕರ್ನಾಟಕದಿಂದ ಹೋದ ಪ್ರಕರಣವೊಂದರಲ್ಲಿ ಅದೇ ನ್ಯಾಯಾಲಯ 2005ರಲ್ಲಿ ತೀರ್ಮಾನಿಸಿದೆ. ಅಂಗಡಿಯನ್ನು ತಮ್ಮನ ಹೆಸರಿಗೆ ಬರೆದು ಬಡವನ ವೇಷ ತೊಡುವವರೂ ಎಚ್ಚರ ವಹಿಸಲಿ: 2020ರ ತೀರ್ಪಿನಂತೆ ಆದಾಯ, ಆಸ್ತಿಗಳ ವಿವರವನ್ನು ಪ್ರಮಾಣಪತ್ರದಲ್ಲಿ ಸಲ್ಲಿಸಬೇಕು. ಸುಳ್ಳಿಗೆ ಸಹಿ ಹಾಕುವವನು ಅವನೊಬ್ಬನೇ ಆದರೂ, ಹೆಸರು ಕೊಟ್ಟ ಬಂಧುಗಳು ಪಾಪದಲ್ಲಿ ಪಾಲುದಾರರು.

ನಿಜವಾಗಿ ವ್ಯಾಪಾರ ಮುಳುಗಿದವನಿಗೆ ಮೊತ್ತವನ್ನು ಇಳಿಸುವಂತೆ ಕೇಳುವ ದಾರಿ ಕಾನೂನಿನಲ್ಲಿದೆ. "ಮಗುವನ್ನು ನೋಡಗೊಡುವುದಿಲ್ಲ" ಎನ್ನುವವನು ಭೇಟಿಯ ಹಕ್ಕಿಗಾಗಿ ನ್ಯಾಯಾಲಯಕ್ಕೆ ಹೋಗಲಿ. ಮಗುವಿನ ಅನ್ನವನ್ನು ಒತ್ತೆ ಇಡದಿರಲಿ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಹಿಂದೊಮ್ಮೆ ರಾಜಿಪಂಚಾಯಿತಿಯಲ್ಲಿ ಕುಳಿತು, "ಹಳೆಯ ಬಾಕಿ ಬಿಟ್ಟುಬಿಡಮ್ಮ, ಮನಸ್ತಾಪ ಮುಗಿಯಲಿ" ಎಂದು ಒಬ್ಬ ತಾಯಿಗೆ ಉಪದೇಶಿಸಿದ್ದೆ. ಆಕೆ ಬಿಟ್ಟಳು. ಎರಡು ವರ್ಷದಲ್ಲಿ ಆಕೆಯ ಮಗಳು ಕಾಲೇಜು ಬಿಟ್ಟಳು. ಅದು ತಾಯಿ ಬಿಟ್ಟುಕೊಡಬಹುದಾದ ಹಣವಾಗಿರಲಿಲ್ಲ. ಬಿಡಿಸಲು ನಾನು ಯಾರು?

ಅಪ್ರಾಪ್ತ ಮಕ್ಕಳನ್ನು ಪೋಷಿಸುವ ಹೊಣೆ ಹೊರಿಸಿದ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮ ಜೈನರಿಗೂ ಅನ್ವಯಿಸುತ್ತದೆ. ಕೊಡದೆ ಇರುವುದನ್ನು ತೆಗೆದುಕೊಳ್ಳುವುದು ಕಳ್ಳತನವಾದರೆ, ಕೊಡಬೇಕಾದುದನ್ನು ತಡೆಹಿಡಿಯುವುದು ಮತ್ತೇನು? ಬಸದಿಯ ಟ್ರಸ್ಟಿಗಳಲ್ಲಿ ನನ್ನ ಬಿನ್ನಹ ಇಷ್ಟೇ: ಇಂಥವನು ಸವಾಲು ಕೂಗಿ ಸಾವಿರಗಳನ್ನು ಅರ್ಪಿಸಲು ಬಂದಾಗ, "ಮೊದಲು ಮಗುವಿನ ಬಾಕಿ ತೀರಿಸಿ ಬನ್ನಿ" ಎಂದು ಹೇಳುವ ಧೈರ್ಯ ತೋರಿರಿ. ಆ ಹಣ ಅವನದಲ್ಲ.