ಮಿತವ್ಯಯಕ್ಕೆ ಮನ್ನಣೆಯೆಲ್ಲಿ?

ಮಳೆಗಾಲದಲ್ಲಿ ಹಾನುಬಾಳಿನ ಕಡೆ ನಡುಹಗಲಿನಲ್ಲೇ ಕತ್ತಲೆ ಕವಿಯುವುದನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಅಲ್ಲಿಯ ಪೇಟೆಯ ಬದಿಯ ಸಣ್ಣ ಮನೆಗಳಲ್ಲಿಯೂ ಸಕಲೇಶಪುರದ ಕೂಲಿಕಾರರ ಕೇರಿಗಳಲ್ಲಿಯೂ ಉರುವಲನ್ನು ಹಾಳುಮಾಡುವವರು ವಿರಳ. ಬೇಸಗೆಯಲ್ಲಿಯೇ ಸೌದೆಯನ್ನು ಕೂಡಿಟ್ಟು ಒಲೆಯ ಮೇಲಣ ಅಟ್ಟದಲ್ಲಿ ಬೆಚ್ಚಗಿರಿಸುವುದು, ಕೋಡೊಲೆಯ ಒಂದೇ ಬೆಂಕಿಗೆ ಅನ್ನವನ್ನೂ ಸಾರನ್ನೂ ಬೇಯಿಸುವುದು, ಎಲ್ಲರೂ ಕುಳಿತ ಕೋಣೆಯ ದೀಪವೊಂದನ್ನೇ ಉರಿಸುವುದು, ಇವು ಯಾರೂ ಉಪದೇಶಿಸಿದವಲ್ಲ. ಬಡತನವೇ ಕಲಿಸಿದ ಪಾಠಗಳು. ಇಂಥವರಿಗೆ ಮಿತವ್ಯಯವನ್ನು ಬೋಧಿಸುವುದಕ್ಕಿಂತ, ಅವರ ಮಿತವ್ಯಯಕ್ಕೆ ಸರಕಾರವು ಕಟ್ಟಿದ ಬೆಲೆಯೇನೆಂದು ವಿಚಾರಿಸುವುದೇ ಯುಕ್ತವೆಂದು ನಾವು ಭಾವಿಸುತ್ತೇವೆ.

2015ರ ಡಿಸೆಂಬರಿನಲ್ಲಿ ‘ಹೊಸ ಬೆಳಕು’ ಯೋಜನೆಯು ಆರಂಭವಾಗಿ 9 ವಾಟಿನ ಎಲ್‌ಇಡಿ ಬಲ್ಬುಗಳು ಅಗ್ಗವಾಗಿ ದೊರೆತವು. 60 ವಾಟಿನ ಹಳೆಯ ಬಲ್ಬನ್ನು ದಿನಕ್ಕೆ 5 ಗಂಟೆ ಉರಿಸಿದರೆ ತಿಂಗಳಿಗೆ 9 ಯೂನಿಟ್ ತಗಲುವುದು; ಹೊಸದಕ್ಕೆ ಒಂದೂವರೆ ಯೂನಿಟ್ಟೂ ಬೇಡ. ಇದು ನಿಜವಾದ ಉಪಕಾರವೆಂಬುದರಲ್ಲಿ ಸಂಶಯವಿಲ್ಲ.

2023ರಲ್ಲಿ ಬಂದ ಗೃಹಜ್ಯೋತಿಯ ಲೆಕ್ಕವು ಬೇರೆ. 2022-23ನೆಯ ಸಾಲಿನ ಸರಾಸರಿ ಬಳಕೆಗೆ ನೂರಕ್ಕೆ 10ರಂತೆ ಕೂಡಿಸಿ, 200 ಯೂನಿಟ್ ಮೀರದಂತೆ, ಪ್ರತಿ ಮನೆಗೂ ಉಚಿತ ವಿದ್ಯುತ್ತಿನ ಪ್ರಮಾಣವನ್ನು ಗೊತ್ತುಮಾಡಲಾಯಿತು. 180 ಯೂನಿಟ್ ಬಳಸಿದ ಮನೆಗೆ 198 ದೊರೆತರೆ, ಒಂದೊಂದು ದೀಪವನ್ನೂ ಆರಿಸಿ 30ರಲ್ಲೇ ಸಂಸಾರ ಸಾಗಿಸಿದ ಮನೆಗೆ ದೊರೆತದ್ದು 33. ಹೆಚ್ಚು ಉರಿಸಿದವನಿಗೆ ಹೆಚ್ಚು, ಉಳಿಸಿದವನಿಗೆ ಕಡಮೆ! ಸರಕಾರದವರು ಈ ದೋಷವನ್ನು ಕಾಣದೆ ಇರಲಿಲ್ಲ. 48 ಯೂನಿಟ್ಟಿಗಿಂತ ಕಡಮೆ ಬಳಸುವವರಿಗೆ ನೂರಕ್ಕೆ 10ರ ಬದಲು 10 ಯೂನಿಟ್ಟುಗಳನ್ನೇ ಹೆಚ್ಚಾಗಿ ಕೊಡಲು 2024ರ ಜನವರಿಯಲ್ಲಿ ನಿಶ್ಚಯಿಸಿದ್ದು ಶ್ಲಾಘನೀಯವಾಗಿದೆ. ಆದರೂ ಮೂಲದ ಓರೆ ಉಳಿದೇ ಇದೆ.

ಅದರಲ್ಲಿಯೂ ಮಲೆನಾಡಿನ ಕಷ್ಟವು ಬೇರೆ. ವರ್ಷದ ಸರಾಸರಿಯು ಮಾಘದ ಬಿಸಿಲನ್ನೂ ಆಷಾಢದ ಕತ್ತಲೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಮಳೆಯ ತಿಂಗಳುಗಳಲ್ಲಿ ಹಗಲಿನಲ್ಲಿಯೂ ದೀಪ ಬೇಕು. ಒದ್ದೆ ಬಟ್ಟೆಗೆ ಇಸ್ತ್ರಿಯ ಶಾಖ ಬೇಕು. ಗೊತ್ತಾದ ಪ್ರಮಾಣವನ್ನು ಮೀರಿದ ಯೂನಿಟ್ಟಿಗೆ ಹಣ ತೆರಬೇಕು. ಬೇಸಗೆಯಲ್ಲಿ ಉಳಿಸಿದ್ದಾದರೋ ಲೆಕ್ಕಕ್ಕೇ ಬಾರದೆ ಹೋಗುತ್ತದೆ. ಹೀಗಿರುವಾಗ ಉಳಿಸುವ ಉತ್ಸಾಹವು ಉಳಿಯುವುದೆಂತು?

ಬಿಟ್ಟಿಯಾದದ್ದು ದುಂದಿಗೆ ದಾರಿ. ಆದುದರಿಂದ ಯೋಜನೆಯನ್ನೇ ನಿಲ್ಲಿಸಬೇಕೆಂಬ ಮಾತನ್ನು ಕೆಲವರು ಆಡುವುದುಂಟು. ನಾವು ಇದನ್ನು ಒಪ್ಪಲಾರೆವು. ದಿನಗೂಲಿಯಿಂದ ಬದುಕುವವನಿಗೆ ಬಿಲ್ಲಿನ ಭಾರ ಇಳಿದದ್ದು ಸಣ್ಣ ಸಂಗತಿಯಲ್ಲ. ನಿಲ್ಲಿಸುವುದು ಬೇಡ, ತಿದ್ದುವುದು ಬೇಕು. ಬಡ ಮನೆಗಳ ಪ್ರಮಾಣವನ್ನು ಹಳೆಯ ಬಳಕೆಯಿಂದಲ್ಲದೆ ಮನೆಯ ಜನಸಂಖ್ಯೆಯಿಂದ ಗೊತ್ತುಮಾಡಲಿ. ಬೇಸಗೆಯಲ್ಲಿ ಉಳಿದ ಯೂನಿಟ್ಟುಗಳನ್ನು ಮಳೆಗಾಲದ ಲೆಕ್ಕಕ್ಕೆ ಸೇರಿಸಲಿ. ಸೌದೆಯನ್ನೇ ನಂಬಿದ ಮನೆಗಳಿಗೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆಯಂತಹ, ಹೊಗೆಯನ್ನೂ ಸೌದೆಯನ್ನೂ ತಗ್ಗಿಸುವ ಒಲೆಗಳನ್ನು ಪುರಸಭೆ, ಪಂಚಾಯಿತಿಗಳು ಹಾಕಿಸಿಕೊಡಲಿ.

ಹಾಸನ ಜಿಲ್ಲೆಗೆ ವಿದ್ಯುತ್ತನ್ನು ಒದಗಿಸುವ ಚಾಮುಂಡೇಶ್ವರಿ ನಿಗಮದ ಅಧಿಕಾರಿಗಳು ಮಲೆನಾಡಿನ ಮೀಟರುಗಳ ಮಳೆಗಾಲದ ಲೆಕ್ಕವನ್ನು ಬೇರೆಯಾಗಿ ತೆಗೆದು ಸರಕಾರದ ಮುಂದಿಟ್ಟರೆ ಅದೇ ಸಾಕಷ್ಟು ಸಾಕ್ಷಿಯಾದೀತು. ಬಡವನು ಆರಿಸಿದ ದೀಪವು ನಾಡಿಗೆ ಉಳಿತಾಯ. ಆ ಉಳಿತಾಯದಲ್ಲಿ ಅವನಿಗೂ ಪಾಲಿರಬೇಕೆಂಬುದು ನ್ಯಾಯದ ಮಾತೇ ಹೊರತು ದಾನದ ಮಾತಲ್ಲ.