ಹೆಸರನ್ನು ರಾಕೆಟ್ ಮಾಡಿದವರು

ಮೆಸೊಪೊಟೇಮಿಯದ ಪುರಾತನ ದೇವತೆಗಳು ದೇವತೆಗಳೇ ಅಲ್ಲ, ಅನ್ಯಗ್ರಹದಿಂದ ಇಳಿದುಬಂದ ಗಗನಯಾತ್ರಿಗಳು. ಬೈಬಲ್ಲಿನ ದೇವದೂತರೂ ಅದೇ ಬಳಗದವರು. ಅಂದಿನ ಜನ ಯಂತ್ರಗಳನ್ನು ಕಂಡು, ಅವು ಯಂತ್ರಗಳೆಂದು ತಿಳಿಯದೆ, ಕೈಮುಗಿದು ನಿಂತರು. ಇಂಥದೊಂದು ವಾದ ಅರ್ಧ ಶತಮಾನಕ್ಕೂ ಮೇಲ್ಪಟ್ಟು ಜಗತ್ತನ್ನು ಸುತ್ತುತ್ತಿದೆ. 1968ರಲ್ಲಿ ಸ್ವಿಟ್ಜರ್ಲೆಂಡಿನ ಹೋಟೆಲ್ ವ್ಯವಸ್ಥಾಪಕ ಎರಿಕ್ ಫಾನ್ ಡಾನಿಕೆನ್ ಬರೆದ ಜರ್ಮನ್ ಪುಸ್ತಕ ಇದಕ್ಕೆ ಜನಪ್ರಿಯತೆ ತಂದಿತು. 1976ರಲ್ಲಿ ಜೆಕರಾಯ ಸಿಚಿನ್ ಎಂಬ ಲೇಖಕರು ಹನ್ನೆರಡನೆಯ ಗ್ರಹದ ಕುರಿತ ಪುಸ್ತಕದಿಂದ ಅದಕ್ಕೆ ಪಾಂಡಿತ್ಯದ ಶಾಲು ಹೊದಿಸಿದರು. 2010ರಿಂದ ಅಮೆರಿಕದ ದೂರದರ್ಶನ ಧಾರಾವಾಹಿಯೊಂದು ಇದನ್ನು ಮನೆಮನೆಗೂ ಮುಟ್ಟಿಸಿದೆ. ಈಗ ನಮ್ಮ ಮಕ್ಕಳ ಕೈಯಲ್ಲಿರುವ ಫೋನಿನಲ್ಲಿಯೂ ಅದೇ ಕಥೆ ಹರಿದಾಡುತ್ತಿದೆ.

ಕಥೆಯಾಗಿದ್ದರೆ ನಮ್ಮದೇನೂ ತಕರಾರಿರಲಿಲ್ಲ. ಕಥೆ ಕೇಳುವುದು ನಮಗೂ ಇಷ್ಟವೇ. ಆದರೆ ಇದು ಇತಿಹಾಸವೆಂಬ ಮುದ್ರೆ ಹೊತ್ತು ಬರುತ್ತಿದೆ. "ಪುರಾತನ ಗ್ರಂಥಗಳೇ ಹೀಗೆ ಹೇಳುತ್ತವೆ" ಎಂದು ಸಾಕ್ಷಿಯನ್ನೂ ಕರೆಯುತ್ತಿದೆ. ಸಾಕ್ಷಿಯನ್ನು ಕರೆದ ಮೇಲೆ ಅದರ ಮಾತನ್ನು ಅದರದೇ ಭಾಷೆಯಲ್ಲಿ ಕೇಳಬೇಕಲ್ಲವೆ? ಈ ವಾದ ಮಾಡದೆ ಬಿಟ್ಟಿರುವ ಕೆಲಸ ಅದೊಂದೇ.

ಮೊದಲು ಒಂದು ಪದವನ್ನು ನೋಡೋಣ. ಸುಮೇರಿಯನ್ ಭಾಷೆಯಲ್ಲಿ 'ಮು', ಅಕ್ಕಾಡಿಯನ್ ಭಾಷೆಯಲ್ಲಿ 'ಶುಮು', ಹೀಬ್ರೂವಿನಲ್ಲಿ 'ಶೇಮ್'. ಮೂರಕ್ಕೂ ಅರ್ಥ ಹೆಸರು ಎಂದು. ಸಿಚಿನ್ನರು ಇದನ್ನು ಆಕಾಶಕ್ಕೇರುವ ವಾಹನವೆಂದರು. ಬೈಬಲ್ಲಿನ ಆದಿಕಾಂಡದಲ್ಲಿ ಬಾಬೆಲ್ ಗೋಪುರವನ್ನು ಕಟ್ಟಹೊರಟ ಜನ ತಮಗೊಂದು ಹೆಸರನ್ನು ಮಾಡಿಕೊಳ್ಳೋಣ ಎನ್ನುತ್ತಾರೆ. ಸಿಚಿನ್ನರ ಲೆಕ್ಕದಲ್ಲಿ ಅವರು ರಾಕೆಟ್ ಮಾಡಿಕೊಳ್ಳಹೊರಟಿದ್ದರು! ಕನ್ನಡಿಗನಿಗೆ ಇಲ್ಲಿ ನಿಘಂಟೇ ಬೇಡ. "ಅವರ ಮಗ ದೊಡ್ಡ ಹೆಸರು ಮಾಡಿದ" ಎಂದು ನಾವು ದಿನಬೆಳಗಾದರೆ ಆಡುತ್ತೇವೆ. ಆ ಹುಡುಗ ಉಡ್ಡಯನ ಕೇಂದ್ರದಲ್ಲಿ ಕೆಲಸ ಮಾಡುತ್ತಾನೆಂದು ಯಾರೂ ಭಾವಿಸುವುದಿಲ್ಲ.

ಇದೇ ವಿಧಾನವನ್ನು ನಮ್ಮ ಭಾಷೆಗೆ ಅನ್ವಯಿಸಿ ನೋಡಿರಿ. ದೇವಾಲಯದ ಗರ್ಭಗುಡಿಯ ಮೇಲಿನ ಕಟ್ಟಡಕ್ಕೆ ನಾವು ವಿಮಾನ ಎನ್ನುತ್ತೇವೆ. ಬಾನಿನಲ್ಲಿ ಹಾರುವುದಕ್ಕೂ ವಿಮಾನವೆಂದೇ ಹೆಸರು. 2000 ವರ್ಷಗಳ ತರುವಾಯ ಕನ್ನಡ ಬಾರದ ಮಹಾಶಯನೊಬ್ಬ ಪಟ್ಟದಕಲ್ಲಿಗೆ ಬಂದು, ವಿರೂಪಾಕ್ಷ ದೇವಾಲಯ ಚಾಲುಕ್ಯರ ಜೆಟ್ ವಿಮಾನವಾಗಿತ್ತೆಂದು ಬರೆದರೆ ನಮಗೆ ಹೇಗೆ ಅನ್ನಿಸೀತು? ಸುಮೇರಿಯದ ಪರವಾಗಿ ಹಾಗೆ ಅನ್ನಿಸಿಕೊಳ್ಳಲು ಇಂದು ಆ ಭಾಷೆಯನ್ನಾಡುವವರು ಯಾರೂ ಉಳಿದಿಲ್ಲ. ಆದಕಾರಣವೇ ಅದರ ಮೇಲೆ ಯಾರು ಬೇಕಾದರೂ ಸವಾರಿ ಮಾಡಬಹುದಾಗಿದೆ.

"ಬೆಣೆಲಿಪಿಯನ್ನು ವಿದ್ವಾಂಸರು ಓದಿದ್ದೂ ಊಹೆಯೇ ತಾನೆ?" ಎಂದು ಕೆಲವರು ಕೇಳುತ್ತಾರೆ. ಅಲ್ಲ. 1827ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಚಾಕರಿಗೆಂದು ಮುಂಬಯಿಗೆ ಬಂದಿಳಿದ ಹೆನ್ರಿ ರಾಲಿನ್ಸನ್ ಎಂಬ ತರುಣ, ಮುಂದೆ ಪರ್ಷಿಯದ ಬೆಹಿಸ್ತೂನ್ ಬಂಡೆಯನ್ನೇರಿ, ಡೇರಿಯಸ್ ದೊರೆಯ ತ್ರಿಭಾಷಾ ಶಾಸನವನ್ನು ವರ್ಷಗಟ್ಟಲೆ ಪ್ರತಿ ಮಾಡಿಕೊಂಡ. ಬೇರೆ ವಿದ್ವಾಂಸರೂ ಇದೇ ಲಿಪಿಯೊಡನೆ ಹೆಣಗುತ್ತಿದ್ದರು. 1857ರಲ್ಲಿ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿ ಒಂದು ಪರೀಕ್ಷೆ ನಡೆಸಿತು. ಹೊಸದಾಗಿ ದೊರೆತಿದ್ದ ಅಸ್ಸೀರಿಯದ ಶಾಸನವೊಂದನ್ನು ರಾಲಿನ್ಸನ್, ಹಿಂಕ್ಸ್, ಟಾಲ್ಬಟ್, ಓಪರ್ಟ್ ಎಂಬ ನಾಲ್ವರು ಬೇರೆಬೇರೆಯಾಗಿ ಅನುವಾದಿಸಿ, ಲಕೋಟೆಗೆ ಮುದ್ರೆಯೊತ್ತಿ ಕೊಟ್ಟರು. ತೆರೆದು ನೋಡಿದಾಗ ನಾಲ್ಕೂ ಮುಖ್ಯಾಂಶಗಳಲ್ಲಿ ಹೊಂದಿಕೊಂಡವು. ಇದರ ಮೇಲೆ, ಬಾಬಿಲೋನಿಯದ ಲಿಪಿಕಾರರು ತಮ್ಮ ವಿದ್ಯಾರ್ಥಿಗಳಿಗಾಗಿ ಸುಮೇರಿಯನ್ ಪದಗಳಿಗೆ ಅಕ್ಕಾಡಿಯನ್ ಅರ್ಥ ಕೊಡುವ ಪಟ್ಟಿಗಳನ್ನು ತಾವೇ ಜೇಡಿಮಣ್ಣಿನ ಫಲಕಗಳ ಮೇಲೆ ಬರೆದಿಟ್ಟು ಹೋಗಿದ್ದಾರೆ. ಷಿಕಾಗೋ ವಿಶ್ವವಿದ್ಯಾನಿಲಯದ ಅಸ್ಸೀರಿಯನ್ ನಿಘಂಟು 1921ರಲ್ಲಿ ಆರಂಭವಾಗಿ 2011ರಲ್ಲಿ ಪೂರ್ಣಗೊಂಡಿತು. ತೊಂಬತ್ತು ವರ್ಷ! ಕಿಟ್ಟೆಲ್ಲರ 1894ರ ನಿಘಂಟನ್ನು ಕಣ್ಣಿಗೊತ್ತಿಕೊಳ್ಳುವ ನಮಗೆ ಅಂಥ ಕೆಲಸದ ಬೆಲೆ ತಿಳಿದಿರಬೇಕು.

ಇನ್ನು ಕಥೆಯ ತಿರುಳಿಗೆ ಬರೋಣ. ಸುಮಾರು 4,50,000 ವರ್ಷಗಳ ಹಿಂದೆ ನಿಬಿರು ಎಂಬ ಗ್ರಹದಿಂದ ಅನುನ್ನಾಕಿಗಳು ಚಿನ್ನಕ್ಕಾಗಿ ಭೂಮಿಗೆ ಬಂದರಂತೆ. ಗಣಿಯ ಕೆಲಸದಿಂದ ಬೇಸತ್ತು, ಕೂಲಿಗಾಗಿ ಪ್ರಯೋಗಶಾಲೆಯಲ್ಲಿ ಮನುಷ್ಯನನ್ನು ತಯಾರಿಸಿದರಂತೆ. ಇದಕ್ಕೆ ಆಧಾರವೆಂದು ಅವರು ತೋರಿಸುವುದು ಅತ್ರಹಾಸಿಸ್ ಎಂಬ ಅಕ್ಕಾಡಿಯನ್ ಕಾವ್ಯವನ್ನು. ಅದರಲ್ಲಿ ಕಿರಿಯ ದೇವತೆಗಳು ಬೇಸತ್ತು ದಂಗೆಯೇಳುವುದು ನಿಜ. ಆದರೆ ಅವರು ಅಗೆಯುತ್ತಿದ್ದುದು ಚಿನ್ನದ ಗಣಿಯನ್ನಲ್ಲ, ಕಾಲುವೆಗಳನ್ನು! ಟೈಗ್ರಿಸ್, ಯೂಫ್ರೆಟಿಸ್ ನದಿಗಳ ಬಯಲಿನಲ್ಲಿ ವರ್ಷವರ್ಷವೂ ಹೂಳೆತ್ತದಿದ್ದರೆ ಅನ್ನವಿಲ್ಲ. ಆ ನಾಡಿನ ರೈತನ ಸೊಂಟ ಮುರಿಯುತ್ತಿದ್ದುದು ಈ ಕೆಲಸದಿಂದ. ದೇವತೆಗಳು ಸಲಿಕೆ ಬುಟ್ಟಿಗಳನ್ನು ಸುಟ್ಟು, ಒಡೆಯನಾದ ಎನ್ಲಿಲನ ಮನೆಗೆ ಮುತ್ತಿಗೆ ಹಾಕುತ್ತಾರೆ. ಕೊನೆಗೆ ಹತನಾದ ಒಬ್ಬ ದೇವತೆಯ ರಕ್ತಮಾಂಸವನ್ನು ಜೇಡಿಮಣ್ಣಿನಲ್ಲಿ ಕಲಸಿ, ಹೊರೆ ಹೊರಲು ಮನುಷ್ಯನನ್ನು ಮಾಡುತ್ತಾರೆ. "ನಾವೇಕೆ ಇಷ್ಟು ದುಡಿಯಬೇಕು? ದುಡಿಯುವ ನಮ್ಮೊಳಗೆ ಇಷ್ಟೊಂದು ಚೈತನ್ಯ ಎಲ್ಲಿಂದ ಬಂತು?" ಎಂಬ ಎರಡು ಪ್ರಶ್ನೆಗಳಿಗೆ ಆ ಜನ ಕಂಡುಕೊಂಡ ಉತ್ತರವಿದು. ಇಂಥ ಕಾವ್ಯವನ್ನು ಕೈಗೆತ್ತಿಕೊಂಡು ಗಣಿ ಕಂಪೆನಿಯ ದಫ್ತರದಂತೆ ಓದುವವರಿಗೆ ಏನೆನ್ನೋಣ?

ನಿಬಿರುವಿನ ಕಥೆಯೂ ಹೀಗೆಯೇ. ಬಾಬಿಲೋನಿಯದ ಖಗೋಳ ಗ್ರಂಥಗಳಲ್ಲಿ ಅದು ಮಾರ್ದೂಕ್ ದೇವನ ನಕ್ಷತ್ರ. ಗುರುಗ್ರಹದೊಂದಿಗೆ ಹೆಣೆದುಕೊಂಡ ಹೆಸರು. ಆ ಖಗೋಳಜ್ಞರು ಬಲ್ಲ ಗ್ರಹಗಳು ಬರಿಗಣ್ಣಿಗೆ ಕಾಣುವ ಐದು ಮಾತ್ರ. ಬರ್ಲಿನ್ ಸಂಗ್ರಹಾಲಯದ ಚಿಕ್ಕ ಮುದ್ರೆಯೊಂದರಲ್ಲಿ ನಕ್ಷತ್ರದ ಸುತ್ತ ಹನ್ನೊಂದು ಚುಕ್ಕೆಗಳಿವೆ. ಅದು ಸೌರಮಂಡಲದ ನಕ್ಷೆ ಎಂದು ಸಿಚಿನ್ನರು ಸಾರಿದರು. ಆ ಮುದ್ರೆಯ ಬರಹದಲ್ಲಿರುವುದು ವ್ಯಕ್ತಿಗಳ ಹೆಸರು. ಗ್ರಹಗಳ ಸುದ್ದಿಯೇ ಇಲ್ಲ. ಮೆಸೊಪೊಟೇಮಿಯದ ಶಿಲ್ಪಿಗಳು ಸೂರ್ಯನನ್ನು ಬಿಡಿಸುತ್ತಿದ್ದ ರೀತಿಯೂ ಬೇರೆ. ಇದೇ ನಿಬಿರು ಬಂದು ಅಪ್ಪಳಿಸುವುದೆಂದು 2012ರ ಡಿಸೆಂಬರಿನಲ್ಲಿ ಎಷ್ಟು ಮಂದಿ ಹೆದರಿ ಕುಳಿತಿದ್ದರೆಂಬುದನ್ನು ನಮ್ಮ ವಾಚಕರು ಮರೆತಿರಲಾರರು.

ಇನ್ನು ದೇವದೂತರ ವಿಷಯ. ನಮ್ಮ ಬಳಗದಲ್ಲಿ ಕ್ರೈಸ್ತ ಕುಟುಂಬಗಳೂ ಇರುವುದರಿಂದ ಇದನ್ನು ಎಚ್ಚರದಿಂದಲೇ ಆಡುತ್ತೇವೆ. ಹೀಬ್ರೂವಿನ 'ಮಲಾಖ್', ಗ್ರೀಕಿನ 'ಆಂಗೆಲೊಸ್', ಕನ್ನಡ ಬೈಬಲ್ಲಿನ 'ದೂತ', ಮೂರೂ ಒಂದೇ: ಸುದ್ದಿ ತರುವವನು. ಆದಿಕಾಂಡದ 18ನೆಯ ಅಧ್ಯಾಯದಲ್ಲಿ ಅಬ್ರಹಾಮನ ಗುಡಾರಕ್ಕೆ ಬಂದ ಮೂವರು ಅತಿಥಿಗಳಿಗೆ ರೆಕ್ಕೆಯೂ ಇಲ್ಲ, ಯಂತ್ರವೂ ಇಲ್ಲ. ಮರದ ನೆರಳಿನಲ್ಲಿ ಕುಳಿತು ಊಟ ಮಾಡುತ್ತಾರೆ. ಕ್ರೈಸ್ತ ಚಿತ್ರಗಳಲ್ಲಿ ದೂತರಿಗೆ ರೆಕ್ಕೆ ಮೂಡಿದ್ದು ಕ್ರಿ.ಶ. ನಾಲ್ಕನೆಯ ಶತಮಾನದ ಕೊನೆಯ ಸುಮಾರಿಗೆ. ಅದರ ಹಿಂದೆ ಗ್ರೀಕ್ ರೋಮನ್ನರ ರೆಕ್ಕೆಯ ವಿಜಯದೇವತೆಯ ಛಾಯೆಯಿದೆ. ಆಕಾಶದಿಂದ ಇಳಿದವರನ್ನು ಕಣ್ಣಾರೆ ಕಂಡವರು ರೆಕ್ಕೆ ಬರೆಯಲು ಅಷ್ಟು ಕಾಲ ಕಾಯುತ್ತಿದ್ದರೆ?

ಪ್ರವಾದಿ ಯೆಹೆಜ್ಕೇಲನ ದರ್ಶನವಂತೂ ಈ ವಾದಿಗಳ ಬ್ರಹ್ಮಾಸ್ತ್ರ. ನಾಲ್ಕು ಮುಖದ ಜೀವಿಗಳು, ಚಕ್ರದೊಳಗೆ ಚಕ್ರ, ಬೆಂಕಿ, ಗಾಳಿ. ಅಮೆರಿಕದ ನಾಸಾದಲ್ಲಿ ಇಂಜಿನಿಯರಾಗಿದ್ದ ಜೋಸೆಫ್ ಬ್ಲೂಮ್ರಿಕ್ ಎಂಬವರು 1970ರ ದಶಕದಲ್ಲಿ ಇದಕ್ಕೆ ಹೆಲಿಕಾಪ್ಟರ್ ಜೋಡಿಸಿದ ನೌಕೆಯ ನಕ್ಷೆಯನ್ನೇ ಬರೆದರು. ಆದರೆ ಯೆಹೆಜ್ಕೇಲ ಯಾರು? ಸೋತ ನಾಡಿನಿಂದ ಬಾಬಿಲೋನಿಗೆ ಗಡೀಪಾರಾಗಿ, ಕೆಬಾರ್ ಹೊಳೆಯ ದಂಡೆಯಲ್ಲಿ ಬಿಡಾರ ಹೂಡಿದವರಲ್ಲೊಬ್ಬ. ಸೆರೆಯಾದ ಐದನೆಯ ವರ್ಷ, ಕ್ರಿ.ಪೂ. 593ರ ಸುಮಾರಿನಲ್ಲಿ, ಅವನಿಗೆ ಈ ದರ್ಶನವಾಯಿತು. ಮನುಷ್ಯ, ಸಿಂಹ, ಎತ್ತು, ಹದ್ದು: ಆ ನಾಡಿನ ಅರಮನೆಗಳ ದ್ವಾರಪಾಲಕರ ಅಂಗಾಂಗಗಳೇ ಇವು. ಗೆದ್ದವರ ಕಾವಲು ಮೂರ್ತಿಗಳನ್ನು ತನ್ನ ದೇವರ ಸಿಂಹಾಸನ ಹೊರಲು ಹಚ್ಚಿದ ಅವನು! ಸಿಂಹಾಸನಕ್ಕೆ ಚಕ್ರಗಳೇಕೆ? ಅವನ ದೇವರು ಯೆರೂಸಲೇಮಿನ ಗುಡಿಯಲ್ಲೇ ಉಳಿದುಬಿಡಲಿಲ್ಲ, ಗಡೀಪಾರಾದವರ ಬೆನ್ನಹಿಂದೆ ಪರದೇಶಕ್ಕೂ ಬಂದ ಎಂಬುದೇ ಆ ದರ್ಶನದ ಅಭಯ. ಹೊಟ್ಟೆಪಾಡಿಗಾಗಿ ಊರು ಬಿಟ್ಟು, ಟ್ರಂಕಿನಲ್ಲಿ ಮನೆದೇವರ ಪಟವನ್ನಿಟ್ಟುಕೊಂಡು ರೈಲು ಹತ್ತಿದವರ ಮಕ್ಕಳಾದ ನಮಗೆ ಇದು ಅರ್ಥವಾಗದೆ? ಇದನ್ನು ಹೆಲಿಕಾಪ್ಟರ್ ಮಾಡಿದರೆ ಗಡೀಪಾರಾದವನ ಸಂಕಟವೂ ಹೋಯಿತು, ಅವನ ಧೈರ್ಯವೂ ಹೋಯಿತು.

ನಮ್ಮ ಆಕ್ಷೇಪಣೆಯ ಮುಖ್ಯಾಂಶ ಇಲ್ಲಿದೆ. ಈ ವಾದ ಪುರಾತನರನ್ನು ಗೌರವಿಸುವಂತೆ ನಟಿಸಿ ಅವರಿಂದ ಎಲ್ಲವನ್ನೂ ಕಸಿದುಕೊಳ್ಳುತ್ತದೆ. ಅವರು ಕಟ್ಟಿದ್ದನ್ನು ಬೇರೆಯವರು ಕಟ್ಟಿದರು. ಅವರು ಕಲ್ಪಿಸಿದ್ದನ್ನು ಅವರು ಕಲ್ಪಿಸಲಿಲ್ಲ, ಕೇವಲ ಕಂಡರು! ಊರ್ ಪಟ್ಟಣದ ಜಿಗ್ಗುರತ್ ಎಂಬ ಮಹಾಮಂದಿರದ ಇಟ್ಟಿಗೆಗಳ ಮೇಲೆ ಊರ್-ನಮ್ಮು ದೊರೆಯ ಹೆಸರಿನ ಮುದ್ರೆಯಿದೆ. ಕೂಲಿಯಾಳುಗಳಿಗೆ ಅಳೆದುಕೊಟ್ಟ ಬಾರ್ಲಿಯ ಲೆಕ್ಕ ಸಹ ಆ ಕಾಲದ ಫಲಕಗಳಲ್ಲಿದೆ. ಬರವಣಿಗೆಯೇ ಅಲ್ಲಿ ಲೆಕ್ಕಪತ್ರಕ್ಕಾಗಿ ಹುಟ್ಟಿ, ಚಿತ್ರದಿಂದ ಬೆಣೆಗುರುತಿಗೆ ಶತಮಾನಗಳ ಕಾಲ ತೆವಳುತ್ತ ಬೆಳೆಯಿತು. ನಕ್ಷತ್ರಲೋಕದ ಗುರುಗಳಿದ್ದರೆ ಶಿಷ್ಯರು ಇಷ್ಟು ತಿಣುಕಬೇಕಿತ್ತೆ? ಪಟ್ಟದಕಲ್ಲಿನಲ್ಲಿಯೂ ಗುಂಡ ಅನಿವಾರಿತಾಚಾರಿ ಎಂಬ ಸೂತ್ರಧಾರಿಯ ಹೆಸರು ಶಾಸನದಲ್ಲಿದೆ. ದುಡಿದವರು ಹೆಸರನ್ನು ಬಿಟ್ಟುಹೋದರು. ಈ ವಾದಿಗಳು ಆ ಹೆಸರನ್ನು ಅಳಿಸಿ ರಾಕೆಟ್ ಬರೆದರು.

ಹಾಗಾದರೆ ಬೇರೆ ಲೋಕಗಳಲ್ಲಿ ಜೀವವೇ ಇಲ್ಲವೆ ಎಂದು ಕೇಳಬಹುದು. ಇರಬಹುದು, ಹುಡುಕಲಿ. ಖಗೋಳ ವಿಜ್ಞಾನಿ ಕಾರ್ಲ್ ಸಾಗನ್ನರು 1966ರಲ್ಲಿ ಬಾಬಿಲೋನಿಯದ ಒಂದು ಐತಿಹ್ಯವನ್ನು ಈ ದೃಷ್ಟಿಯಿಂದ ಪರಿಶೀಲಿಸಬಹುದೆಂದು ಬರೆದದ್ದುಂಟು. ಗಟ್ಟಿ ಪುರಾವೆ ಬೇಕೆಂಬ ಷರತ್ತಿನೊಂದಿಗೆ! ಪುರಾವೆಯಿಲ್ಲದ ಡಾನಿಕೆನ್ನರ ವಾದವನ್ನು ಅವರೇ ಮುಂದೆ ನಿಷ್ಠುರವಾಗಿ ತಳ್ಳಿಹಾಕಿದರು. ನಮ್ಮವರೂ ಹಿಂದುಳಿದಿಲ್ಲ. ಆನೇಕಲ್ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಯಿಸಿದ ವೈಮಾನಿಕ ಶಾಸ್ತ್ರವನ್ನು ವೇದಕಾಲದ ವಿಮಾನ ವಿದ್ಯೆಯೆಂದು ಕೊಂಡಾಡುತ್ತಿದ್ದಾಗ, 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಅದನ್ನು ಪರೀಕ್ಷಿಸಿದರು. ಆ ವಿಮಾನಗಳು ಹಾರಲಾರವು, ಗ್ರಂಥವೂ 1904ಕ್ಕಿಂತ ಹಳೆಯದಲ್ಲವೆಂದು ಬರೆದರು. ನಮ್ಮದೆಂಬ ಅಭಿಮಾನ ಅವರ ಕೈ ಕಟ್ಟಲಿಲ್ಲ.

ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿ 4000 ವರ್ಷಗಳಿಗೂ ಹಳೆಯದಾದ ಅಕ್ಕಾಡಿಯನ್ ಮುದ್ರೆಯೊಂದಿದೆ. ಅದರ ಒಡೆಯ ಶು-ಇಲಿಶು, ಮೆಲುಹ್ಹ ಭಾಷೆಯ ದುಭಾಷಿ. ಮೆಲುಹ್ಹ ಎಂದರೆ ನಮ್ಮ ಸಿಂಧೂ ನಾಡು ಎಂಬುದು ಬಹುಪಾಲು ವಿದ್ವಾಂಸರ ಮತ. ಊರಿನ ಗೋರಿಗಳಲ್ಲಿ ನಮ್ಮ ಕಡೆಯ ಕೆಂಪು ಮಣಿಗಳು ದೊರೆತಿವೆ. ಹಡಗು ಕಟ್ಟಿ, ಸರಕು ಹೊತ್ತು, ಪರಭಾಷೆಯ ಊರಿಗೆ ಹೋದವರು ಮನುಷ್ಯರು. ಅವರ ಮಾತು ತಿಳಿಯಲು ಆ ಜನ ದುಭಾಷಿಯನ್ನಿಟ್ಟುಕೊಂಡರು. ಇನ್ನೊಬ್ಬರ ಮಾತಿಗೆ ತೋಚಿದ ಅರ್ಥ ಹಚ್ಚಬಾರದೆಂಬ ವಿವೇಕ ಅವರಿಗಿತ್ತು. ಪರನಾಡಿನಲ್ಲಿ ಕನ್ನಡವನ್ನು ಉಳಿಸಿಕೊಳ್ಳಲು ಹೆಣಗುವ ನಮಗೂ ಅದು ಇರಬೇಕು.

ಆದ್ದರಿಂದ ತಾಯಿತಂದೆಯರಲ್ಲಿ ನಮ್ಮ ವಿನಂತಿ ಇಷ್ಟೆ. ಮಕ್ಕಳು ಈ ಚಿತ್ರಗಳನ್ನು ನೋಡಿದರೆ ಗದರಬೇಡಿರಿ; ಜೊತೆಗೆ ಕುಳಿತು ಪ್ರಶ್ನೆ ಕೇಳಿರಿ. ಮೂಲದಲ್ಲಿ ಏನಿದೆ? ಅದನ್ನು ಓದಬಲ್ಲವರು ಏನೆನ್ನುತ್ತಾರೆ? ಮುಂಬಯಿಯಲ್ಲಿರುವವರು, ಹಿಂದೆ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಎನಿಸಿಕೊಂಡಿದ್ದ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯಕ್ಕೆ ಒಂದು ಭಾನುವಾರ ಹೋಗಿಬನ್ನಿರಿ. ಅಸ್ಸೀರಿಯದ ಅರಮನೆಯ ಉಬ್ಬುಶಿಲ್ಪಗಳು ಅಲ್ಲಿವೆ. ಅಂಥ ಶಿಲ್ಪಗಳಲ್ಲಿ ಮುಂಗೈಯ ಹೂಬಿಲ್ಲೆಯ ಕಡಗವನ್ನು ಕೈಗಡಿಯಾರವೆಂದೂ, ರೆಕ್ಕೆಯ ಮೂರ್ತಿಗಳು ಹಿಡಿದ ಬಕೀಟನ್ನು ಯಂತ್ರದ ಪೆಟ್ಟಿಗೆಯೆಂದೂ ಹೇಳುವವರುಂಟು. ಆ ಮೂರ್ತಿಗಳ ಇನ್ನೊಂದು ಕೈಯಲ್ಲಿರುವುದಕ್ಕೆ ಅಕ್ಕಾಡಿಯನ್ನಿನಲ್ಲಿ 'ಮುಲ್ಲಿಲು', ಅಂದರೆ ಶುದ್ಧಿ ಮಾಡುವಂಥದು, ಎಂಬ ಹೆಸರಿದೆ. ಕಲಶದ ನೀರನ್ನು ಮಾವಿನೆಲೆಯಿಂದ ಪ್ರೋಕ್ಷಿಸುವುದನ್ನು ಕಂಡ ಮಕ್ಕಳಿಗೆ, ಚರ್ಚಿನಲ್ಲಿ ತೀರ್ಥದ ಹನಿ ಮೈಮೇಲೆ ಬಿದ್ದ ಮಕ್ಕಳಿಗೆ, ಅದೇನೆಂದು ತಿಳಿಸಲು ಹೆಚ್ಚು ಹೊತ್ತು ಹಿಡಿಯದು. ಕಲ್ಲಿನ ಮೇಲೆ ಉಳಿಯ ಗುರುತು ಎಲ್ಲಿದೆಯೆಂದು ಅವರೇ ಹುಡುಕಲಿ.