ಗೃಹವಿಚಾರ: ಯಾತ್ರೆಯ ಚೀಟಿಯೂ ಹಿಂದಿರುಗದ ಹಣವೂ

ಕಳೆದ ಸಂಚಿಕೆಯು ವಾಚಕರ ಕೈ ಸೇರಿದ ನಾಲ್ಕಾರು ದಿನಗಳಲ್ಲಿಯೇ ಮಲೆನಾಡಿನ ಒಂದು ಊರಿನಿಂದ ನಮಗೊಂದು ಕಾಗದವು ಬಂದಿತು. ಬರೆದವರು ಅರುವತ್ತು ವರ್ಷ ಮೀರಿದ ಒಬ್ಬ ತಾಯಿಯವರು. ಹೆಸರನ್ನೂ ಊರನ್ನೂ ಪ್ರಕಟಿಸಕೂಡದೆಂದು ಕೇಳಿಕೊಂಡಿರುವರಾದುದರಿಂದ ಅವನ್ನು ಬಿಟ್ಟಿರುವೆವು. “ನಮ್ಮ ಹಣ ಹೋಯಿತು, ಹೋಗಲಿ, ಇನ್ನೊಬ್ಬರ ಮನೆಯಲ್ಲಿ ಹೀಗಾಗದಂತೆ ನಾಲ್ಕು ಮಾತು ಬರೆಯಿರಿ” ಎಂಬುದಿಷ್ಟೇ ಅವರ ಕೋರಿಕೆ. ಅದನ್ನು ನಡೆಯಿಸುವುದು ನಮ್ಮ ಕರ್ತವ್ಯವೆಂದು ತಿಳಿದು ಈ ತಿಂಗಳ ವಿಚಾರವನ್ನು ಅದಕ್ಕೇ ಮೀಸಲಿಟ್ಟಿರುವೆವು.

ಆ ಮನೆಯ ಯಜಮಾನರಿಗೆ ಕೇದಾರನಾಥನ ದರ್ಶನ ಮಾಡಬೇಕೆಂಬುದು ಬಹುಕಾಲದ ಹಂಬಲ. ಕೇದಾರದ ರಾವಲರು ಕರ್ಣಾಟಕದ ವೀರಶೈವ ಪರಂಪರೆಯಿಂದ ಬರತಕ್ಕವರಾದುದರಿಂದ ಆ ಕ್ಷೇತ್ರವು ಎಷ್ಟು ದೂರದಲ್ಲಿದ್ದರೂ ಕನ್ನಡಿಗರಿಗೆ ಪರಕೀಯವಲ್ಲ. ಆದರೆ ಗೌರೀಕುಂಡದಿಂದ ಮೇಲಕ್ಕೆ ಸುಮಾರು 16 ಕಿಲೋಮೀಟರುಗಳ ಏರುದಾರಿ. ಯಜಮಾನರ ಮೊಣಕಾಲು ಅದಕ್ಕೆ ಒಪ್ಪದು. ಹೆಲಿಕಾಪ್ಟರಿನಲ್ಲಿ ಹೋಗಬಹುದೆಂದು ಯಾರೋ ಹೇಳಿದುದನ್ನು ಕೇಳಿ ಈ ತಾಯಿಯವರು ಒಂದು ಮಧ್ಯಾಹ್ನ ಮೊಬೈಲಿನಲ್ಲಿ ಹುಡುಕಿದರು. ಎಲ್ಲಕ್ಕಿಂತ ಮೇಲೆ ಕಂಡ ಜಾಲತಾಣವನ್ನೇ ತೆರೆದರು. ದೇವಾಲಯದ ಚಿತ್ರ, ಸರಕಾರದ ಮುದ್ರೆ, ಕೆಳಗೊಂದು ವಾಟ್ಸಾಪ್ ನಂಬರು. ಮಾತನಾಡಿದವನು ಮಾತುಮಾತಿಗೂ “ಮಾತಾಜಿ” ಎನ್ನುವ ವಿನಯಶಾಲಿ. ಇಬ್ಬರಿಗೆ ಹೋಗಿಬರುವ ಚೀಟಿಗೆ 13,000 ರೂಪಾಯಿ. ಮರುದಿನ ವಿಮೆಗೆಂದು 6,000. ಸಂಜೆ, ಹಿಂದಿರುಗಿ ಬರುವ ಠೇವಣಿಯೆಂದು 10,000. ಚೀಟಿಯೇನೋ ಬಂದಿತು, ಅದರಲ್ಲಿ ದಂಪತಿಗಳ ಹೆಸರು, ದಿನ, ಹೊತ್ತು, ಚೌಕಾಕಾರದ ಸಂಕೇತ ಎಲ್ಲವೂ ಇದ್ದುವು. ನಾಲ್ಕನೆಯ ಸಲವೂ ಅವನು ಹಣ ಕೇಳಿದಾಗ ಮಾತ್ರ ತಾಯಿಯವರಿಗೆ ಎದೆ ಧಸಕ್ಕೆಂದಿತು. ಚೀಟಿ ಸುಳ್ಳು, ತಾಣ ಸುಳ್ಳು, ವಿನಯವೂ ಸುಳ್ಳು.

ಇದು ಒಂದು ಮನೆಯ ಕಥೆಯಲ್ಲ. ಕೇಂದ್ರ ಗೃಹಮಂತ್ರಾಲಯದ ಸೈಬರ್ ಅಪರಾಧ ಸಮನ್ವಯ ಕೇಂದ್ರವು 2025ರ ಏಪ್ರಿಲಿನಲ್ಲಿ ಯಾತ್ರಿಕರಿಗೆಂದೇ ಒಂದು ಎಚ್ಚರಿಕೆಯನ್ನು ಹೊರಡಿಸಿ, ಕೇದಾರದ ಹೆಲಿಕಾಪ್ಟರ್ ಚೀಟಿಯ ಹೆಸರಿನಲ್ಲಿ ನಡೆಯುವ ಕಪಟವನ್ನು ಎತ್ತಿ ಹೇಳಿತು. ಹುಡುಕಿದಾಗ ಮೇಲುಗಡೆ ಕಾಣುವುದು ಅನೇಕ ವೇಳೆ ಹಣ ತೆತ್ತು ಹಾಕಿಸಿದ ಜಾಹೀರಾತು. ಮೊದಲು ಕಂಡುದೆಲ್ಲ ಮೊದಲ ದರ್ಜೆಯದಲ್ಲ. ಕೇದಾರದ ಹೆಲಿಕಾಪ್ಟರ್ ಚೀಟಿಗಳನ್ನು 2023ರಿಂದ ರೈಲ್ವೆಯ ಅಂಗಸಂಸ್ಥೆಯಾದ ಐಆರ್‌ಸಿಟಿಸಿಯ ‘ಹೆಲಿಯಾತ್ರಾ’ ತಾಣದಲ್ಲಿ ಕೊಡುತ್ತ ಬಂದಿರುವರು. ಅಲ್ಲಿ ಚೀಟಿ ಪಡೆಯಬೇಕಾದರೆ ಉತ್ತರಾಖಂಡ ಸರಕಾರದಲ್ಲಿ ಯಾತ್ರೆಯ ನೋಂದಣಿಯನ್ನು ಮೊದಲೇ ಮಾಡಿಸಿರಬೇಕು. ನಮ್ಮ ತಾಯಿಯವರನ್ನು ವಂಚಿಸಿದವನು ನೋಂದಣಿಯ ಮಾತನ್ನೇ ಎತ್ತಲಿಲ್ಲ. ಅವನಿಗೆ ಬೇಕಾಗಿದ್ದುದು ಹಣವೊಂದೇ.

ದೇವರ ದರ್ಶನಕ್ಕೆ ಹೇಗೋ ಗಾನಗೋಷ್ಠಿಗೂ ಕ್ರಿಕೆಟ್ ಪಂದ್ಯಕ್ಕೂ ಹಾಗೆಯೇ. ಕೋಲ್ಡ್‌ಪ್ಲೇ ಎಂಬ ಆಂಗ್ಲ ವಾದ್ಯವೃಂದವು 2025ರ ಜನವರಿಯಲ್ಲಿ ನವೀ ಮುಂಬಯಿಗೆ ಬರುವುದೆಂದು ತಿಳಿದು, 2024ರ ಸೆಪ್ಟೆಂಬರ್ 22ರಂದು ಚೀಟಿಗಳು ಮಾರಾಟಕ್ಕೆ ಬಂದ ಕೂಡಲೇ ಮುಗಿದುಹೋದುವು. 2,500 ರೂಪಾಯಿಯಿಂದ 35,000 ರೂಪಾಯಿಯವರೆಗಿದ್ದ ಚೀಟಿಗಳಿಗೆ ಅನ್ಯರ ಕೈಯಲ್ಲಿ ಲಕ್ಷಗಟ್ಟಲೆ ಬೆಲೆ ಬಂದಿತು. ಮರುತಿಂಗಳು ಜಾರಿ ನಿರ್ದೇಶನಾಲಯದವರು ಬೆಂಗಳೂರೂ ಸೇರಿದಂತೆ ಐದು ನಗರಗಳಲ್ಲಿ ಶೋಧನೆ ನಡೆಯಿಸಿ, ಇನ್‌ಸ್ಟಾಗ್ರಾಂ, ವಾಟ್ಸಾಪ್, ಟೆಲಿಗ್ರಾಂಗಳ ಮೂಲಕ ಖೋಟಾ ಚೀಟಿಗಳೂ ಮಾರಾಟವಾಗುತ್ತಿದ್ದುದನ್ನು ತಿಳಿಸಿದರು. ಚೀಟಿಯೆಂಬುದು ಈಗ ಒಂದು ಚಿತ್ರಮಾತ್ರ. ಒಂದೇ ಚಿತ್ರವನ್ನು ಹತ್ತು ಮಂದಿಗೆ ಮಾರಬಹುದು. ಬಾಗಿಲಲ್ಲಿ ಮೊದಲು ತೋರಿಸಿದವನಿಗೆ ಪ್ರವೇಶ, ಉಳಿದ ಒಂಬತ್ತು ಮಂದಿಗೆ ಪಶ್ಚಾತ್ತಾಪ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. “ಹಣ ಕೊಟ್ಟುದು ಬ್ಯಾಂಕಿನ ಮೂಲಕವಲ್ಲವೇ? ಲೆಕ್ಕವಿದೆ, ನಂಬರಿದೆ, ಹಿಂದಕ್ಕೆ ಏಕೆ ಬಾರದು?” ಎಂದು ತಾಯಿಯವರು ಕೇಳಿರುವರು. ಹಿಂದಿನ ಕಾಲದ ಮನಿಯಾರ್ಡರನ್ನು ವಾಚಕರು ನೆನಪಿಗೆ ತಂದುಕೊಳ್ಳಲಿ. ಬರೆದ ವಿಳಾಸದವನಿಗೆ ಹಣವನ್ನು ಮುಟ್ಟಿಸುವುದು ಅಂಚೆಯವನ ಕೆಲಸವಾಗಿದ್ದಿತು. ಆ ವಿಳಾಸದವನು ಸತ್ಯವಂತನೇ ಎಂದು ವಿಚಾರಿಸುವುದು ಅವನ ಕೆಲಸವಾಗಿರಲಿಲ್ಲ. ಯುಪಿಐ ಮೂಲಕ ಹಣ ಕಳುಹಿಸುವುದೂ ಅಂತಹುದೇ. ಪಿನ್ನನ್ನು ಒತ್ತಿದೆವೆಂದರೆ ನಮ್ಮ ಕೈಯಿಂದಲೇ ನೋಟನ್ನು ಎಣಿಸಿ ಕೊಟ್ಟಂತಾಯಿತು. ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯಲ್ಲಿ, ಬೇರೆಡೆಯಲ್ಲಿ ನಡೆದ ಲೋಪದಿಂದ ಹಣ ಹೋಗಿ ಗಿರಾಕಿಯು ಮೂರು ಕೆಲಸದ ದಿನಗಳೊಳಗಾಗಿ ಬ್ಯಾಂಕಿಗೆ ತಿಳಿಸಿದರೆ ಅವನ ಮೇಲೆ ಹೊಣೆಯಿಲ್ಲವೆಂದು ಹೇಳಿತು. ಇದನ್ನು ಅರ್ಧ ಕೇಳಿದವರು ಎಲ್ಲ ಮೋಸಕ್ಕೂ ಇದೇ ಕವಚವೆಂದು ಭ್ರಮಿಸುವರು. ಆ ಮಾತು ನಮ್ಮ ಒಪ್ಪಿಗೆಯಿಲ್ಲದೆ ಹೋದ ಹಣಕ್ಕೆ ಸಂಬಂಧಪಟ್ಟುದು. ಮರುಳುಗೊಂಡಾದರೂ ಸರಿ, ನಾವೇ ಒಪ್ಪಿ ಕಳುಹಿಸಿದ ಹಣಕ್ಕಲ್ಲ.

ಕಾರ್ಡಿನಲ್ಲಿ ಕೊಟ್ಟರೆ ಸ್ವಲ್ಪ ಹೆಚ್ಚಿನ ಆಸರೆಯುಂಟು. ಕೊಂಡ ಸರಕು ಅಥವಾ ಸೇವೆ ದೊರೆಯಲಿಲ್ಲವೆಂದು ನಮ್ಮ ಬ್ಯಾಂಕಿನಲ್ಲಿ ತಕರಾರು ಹೂಡಬಹುದು. ಅದು ಕಾರ್ಡು ಸಂಸ್ಥೆಯ ಮೂಲಕ ವರ್ತಕನ ಬ್ಯಾಂಕಿಗೆ ಮುಟ್ಟಿ, ನ್ಯಾಯವೆಂದು ಕಂಡರೆ ಹಣ ಹಿಂದಿರುಗುವುದು. ಇದನ್ನೇ ಚಾರ್ಜ್‌ಬ್ಯಾಕ್ ಎನ್ನುವರು. ಆದರೆ ಇದಕ್ಕೂ ಮೇರೆಯುಂಟು. ಅವಧಿ ಮೀರಿದರೆ ತಕರಾರು ನಿಲ್ಲದು. ಕಾರ್ಡಿನಿಂದ ಯಾವುದೋ ವಾಲೆಟ್ಟಿಗೆ ಹಣ ತುಂಬಿ ಅಲ್ಲಿಂದ ವಂಚಕನಿಗೆ ಕಳುಹಿಸಿದ್ದರೆ, ವಾಲೆಟ್ಟಿನವನು ತನ್ನ ಕೆಲಸವನ್ನು ಮಾಡಿಕೊಟ್ಟಿರುವನು. ಚೀಟಿಯು ಕೈಗೆ ಬಂದು ಬಾಗಿಲಲ್ಲಿ ಅಸಿಂಧುವಾದರೆ, ಅದು ಅಸಿಂಧುವಾಯಿತೆಂಬುದನ್ನು ತೋರಿಸುವ ಭಾರ ನಮ್ಮ ಮೇಲೆ ಬೀಳುವುದು.

ಪರದೇಶಗಳಲ್ಲಿರುವ ನಮ್ಮ ಮಕ್ಕಳೂ ಇದನ್ನು ತಿಳಿದಿರುವುದು ಒಳ್ಳೆಯದು. ಪೇಪಾಲ್ ಎಂಬ ಸಂಸ್ಥೆಯು ಕೊಳ್ಳುವವರಿಗೆ ರಕ್ಷಣೆ ಕೊಡುವುದಾದರೂ, ‘ಬಂಧುಮಿತ್ರರಿಗೆ’ ಎಂದು ಗುರುತಿಸಿ ಕಳುಹಿಸಿದ ಹಣಕ್ಕೆ ಆ ರಕ್ಷಣೆಯಿಲ್ಲ. ವಂಚಕರು ಹಾಗೆಯೇ ಕಳುಹಿಸಿರೆಂದು ಒತ್ತಾಯಿಸುವ ಮರ್ಮವೂ ಅದೇ. ಬ್ರಿಟನ್ನಿನ 1974ರ ಗ್ರಾಹಕ ಸಾಲ ಶಾಸನದ 75ನೆಯ ವಿಧಿಯು ಕ್ರೆಡಿಟ್ ಕಾರ್ಡಿನಲ್ಲಿ ಕೊಂಡ 100 ಪೌಂಡು ಮೀರಿದ, 30,000 ಪೌಂಡು ಮೀರದ ವಸ್ತುವಿಗೆ ಬ್ಯಾಂಕನ್ನೂ ಹೊಣೆಯಾಗಿಸುವುದು. ಆದರೆ ಲೆಕ್ಕ ಹಿಡಿಯುವುದು ಒಂದೊಂದು ಚೀಟಿಯ ಬೆಲೆಯನ್ನು. 80 ಪೌಂಡಿನ ಎರಡು ಚೀಟಿಗಳನ್ನು ಕೊಂಡವನು 160 ಪೌಂಡು ತೆತ್ತರೂ ಆ ವಿಧಿಯ ಆಶ್ರಯವನ್ನು ಪಡೆಯಲಾರನು. ರಕ್ಷಣೆಯೆಂಬ ಹೆಸರನ್ನು ಕೇಳಿದೊಡನೆ ನಿಶ್ಚಿಂತರಾಗದೆ ಅದರ ಎಲ್ಲೆಯನ್ನು ಮೊದಲು ವಿಚಾರಿಸತಕ್ಕದ್ದು.

ಹಾಗಾದರೆ ಮೋಸಹೋದವರಿಗೆ ದಾರಿಯೇ ಇಲ್ಲವೇ? ಉಂಟು, ಆದರೆ ಅದು ಗಳಿಗೆಗಳ ಲೆಕ್ಕದ ದಾರಿ. 1930 ಎಂಬ ನಂಬರಿಗೆ ಒಡನೆಯೇ ಫೋನು ಮಾಡತಕ್ಕದ್ದು. ಸರಕಾರದ ಸೈಬರ್‌ಕ್ರೈಂ ಡಾಟ್ ಗವ್ ಡಾಟ್ ಇನ್ ಎಂಬ ತಾಣದಲ್ಲಿ ದೂರು ಬರೆಯತಕ್ಕದ್ದು. ನಮ್ಮ ಬ್ಯಾಂಕಿಗೂ ತಿಳಿಸತಕ್ಕದ್ದು. ಹಣ ಹೋದ ದಿನ, ಹೊತ್ತು, ಮೊತ್ತ, ವ್ಯವಹಾರದ 12 ಅಂಕಿಗಳ ನಂಬರು ಕೈಯಲ್ಲಿರಲಿ. ವಂಚಕನೊಡನೆ ನಡೆದ ಮಾತುಗಳನ್ನು ಅಳಿಸದಿರಲಿ. ವಂಚಕರು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ದಾಟಿಸುತ್ತ ಹೋಗುವರು. ಅದು ಇನ್ನೂ ಯಾವುದಾದರೊಂದು ಖಾತೆಯಲ್ಲಿ ನಿಂತಿರುವಾಗ ದೂರು ಮುಟ್ಟಿದರೆ ತಡೆಹಿಡಿಯಬಹುದು. ನಗದಾಗಿ ಹೊರಬಿದ್ದ ಮೇಲೆ ಹಿಡಿಯುವುದು ಬಲು ಕಷ್ಟ. ಹಣ ಮರಳಿ ಕೊಡಿಸುವೆನೆಂದು ಹೇಳಿಕೊಂಡು ಆಮೇಲೆ ಶುಲ್ಕ ಕೇಳುವವನು ಎರಡನೆಯ ಕಳ್ಳನೆಂದೇ ತಿಳಿಯತಕ್ಕದ್ದು.

ನಮ್ಮ ತಾಯಿಯವರು 1930ಕ್ಕೆ ಫೋನು ಮಾಡಿದುದು ಹನ್ನೊಂದು ದಿನಗಳ ಮೇಲೆ. ಅಷ್ಟರೊಳಗೆ ಹಣವು ಯಾವ ಖಾತೆಯಲ್ಲಿಯೂ ಉಳಿದಿರಲಿಲ್ಲ. ಏಕೆ ತಡವಾಯಿತೆಂಬುದನ್ನು ಅವರು ಮರೆಮಾಚದೆ ಬರೆದಿರುವರು. ಹೋದ ವರ್ಷ ಯಜಮಾನರು ಒಂದು ಸುಳ್ಳು ಫೋನನ್ನು ನಂಬಿ 4,000 ರೂಪಾಯಿ ಕಳೆದುಕೊಂಡಾಗ, “ಇಷ್ಟು ಓದಿದವರು, ಅಷ್ಟೂ ತಿಳಿಯಲಿಲ್ಲವೇ?” ಎಂದು ಸೊಸೆಯ ಎದುರಿಗೆ ಅವರನ್ನು ಹೀಯಾಳಿಸಿದವರು ತಾವೇ. ಈಗ ಆ ಮಾತು ತಮ್ಮ ಕಡೆಗೆ ತಿರುಗುವುದೆಂಬ ಅಂಜಿಕೆ. ಹನ್ನೊಂದು ದಿನ ನುಂಗಿಕೊಂಡು, ಅಡಿಗೆ ಮಾಡಿ ಬಡಿಸಿ, ಯಾತ್ರೆಗೆಂದು ಯಜಮಾನರು ಉಣ್ಣೆಯ ಶಾಲನ್ನು ಬಿಸಿಲಿಗೆ ಹಾಕುವುದನ್ನು ನೋಡುತ್ತ ಕುಳಿತಿದ್ದರಂತೆ.

ಈ ಸಾಲುಗಳನ್ನು ಓದಿ ನಾವು ಬಹಳ ಹೊತ್ತು ಸುಮ್ಮನಿದ್ದೆವು. ವಂಚಕನು ಕದ್ದುದು ಹಣವನ್ನು. ಅದನ್ನು ದೂರಕ್ಕೆ ಸಾಗಿಸಲು ಹನ್ನೊಂದು ದಿನಗಳ ಬಿಡುವನ್ನು ಕೊಟ್ಟುದು ಮನೆಯವರ ಬಾಯಿಯ ಭಯ. ಆದುದರಿಂದ ನಮ್ಮ ಬಿನ್ನಹವಿಷ್ಟೇ. ಮನೆಯಲ್ಲಿ ಯಾರೇ ಆಗಲಿ, ಮುದುಕರಾಗಲಿ ಹುಡುಗರಾಗಲಿ, “ಮೋಸಹೋದೆ” ಎಂದು ಬಂದು ನಿಂತರೆ, “ಎಷ್ಟು ಹೋಯಿತು?” ಎಂದಾಗಲಿ “ಬುದ್ಧಿಯೆಲ್ಲಿತ್ತು?” ಎಂದಾಗಲಿ ಕೇಳದಿರೋಣ. “ಯಾವಾಗ ಹೋಯಿತು?” ಎಂದು ಕೇಳಿ ಫೋನನ್ನು ಕೈಗೆ ತೆಗೆದುಕೊಳ್ಳೋಣ. ಬುದ್ಧಿವಾದಕ್ಕೆ ನಾಳೆಯೂ ಸಮಯವುಂಟು, 1930ಕ್ಕೆ ನಾಳೆಯಿಲ್ಲ.

ಕೊನೆಗೆ ತಾಯಿಯವರು ಅಳುತ್ತ ಎಲ್ಲವನ್ನೂ ಹೇಳಿದಾಗ ಯಜಮಾನರು, “ಇಷ್ಟು ದಿನ ನೀನೊಬ್ಬಳೇ ಹೊತ್ತುಕೊಂಡಿದ್ದೆಯಲ್ಲ” ಎಂದರಂತೆ. ಹೋದ ವರ್ಷದ ಮಾತನ್ನು ಅವರು ಎತ್ತಲೇ ಇಲ್ಲವಂತೆ. ಬರುವ ವರ್ಷದ ಯಾತ್ರೆಗೆ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸರಿಯಾದ ತಾಣದಲ್ಲಿಯೇ ಚೀಟಿ ತೆಗೆಯಿಸುವರಂತೆ. ದಂಪತಿಗಳಿಗೆ ಕೇದಾರನಾಥನ ದರ್ಶನವು ಸುಖವಾಗಿ ದೊರೆಯಲೆಂದು ನಾವು ಹಾರೈಸುತ್ತೇವೆ.